ಸಿಡಿಲಿನ ದಿನ ‘ಬರ್ತೀನಿ’ ಅಂದದ್ದು

ಮಾಳಿಗೆಯ ಮೇಲೆ ಕುರಡಗಿ ಸಂಡಿಗೆ ಒತ್ತುತ್ತಿದ್ದೆ. ಎರಡೂ ಕೈ ಶಾವಿಗೆ ಒರಳಿನ ಹಿಡಿಕೆಯ ಮೇಲಿದ್ದವು. ಸೊಂಟಕ್ಕೆ ಸಿಕ್ಕಿಸಿದ್ದ ಫೋನು ಗುಂಯ್ ಎಂದಿತು. ಕೈ ಬಿಟ್ಟು ನೋಡುವಂತಿರಲಿಲ್ಲ. ಕುರಡಗಿಯ ಹಿಟ್ಟು ಆರಿತೆಂದರೆ ಒರಳಿನ ತೂತಿನಿಂದ ಇಳಿಯುವುದಿಲ್ಲ, ಕಲ್ಲಾಗಿ ಕೂತುಬಿಡುತ್ತದೆ. ಗೋಧಿ ನೆನೆಹಾಕಿ, ದಿನವೂ ನೀರು ಬದಲಿಸಿ, ರುಬ್ಬಿ, ಹಿಂಡಿ ಹಾಲು ತೆಗೆದು, ಆ ಹಾಲನ್ನು ತಳಕ್ಕೆ ಕೂರಿಸಿ, ಬೆಳಗಿನ ಜಾವ ಗಂಟಾಗದ ಹಾಗೆ ತಿರುವಿ ತಿರುವಿ ಬೇಯಿಸಿದ್ದು. ಇಷ್ಟೆಲ್ಲ ಆದ ಮೇಲೆ ಒಂದು ಫೋನಿಗಾಗಿ ಅದನ್ನು ಕಳೆದುಕೊಳ್ಳಲು ಯಾವ ಹೆಣ್ಣುಮಗಳಿಗೂ ಮನಸ್ಸು ಬರುವುದಿಲ್ಲ.

ಕುರಡಗಿ ಒಬ್ಬರೇ ಮಾಡುವ ಕೆಲಸವಲ್ಲ. ಒಬ್ಬರು ಒರಳು ಹಿಡಿಯಬೇಕು, ಒಬ್ಬರು ಒತ್ತಬೇಕು, ಇನ್ನೊಬ್ಬರು ಕೆಳಗಿನಿಂದ ಬಿಸಿ ಹಿಟ್ಟು ತಂದು ಕೊಡಬೇಕು. ಹಳೆಯ ಓಣಿಯಲ್ಲಿದ್ದಾಗ ಇದು ಹರಟೆಯಲ್ಲೇ ಮುಗಿದುಹೋಗುತ್ತಿತ್ತು. ಈಗ ಆ ಮೂವರೂ ನಾನೇ. ಮಗಳು ಮದುವೆಯಾಗಿ ಬೀದರಕ್ಕೆ ಹೋದಳು. ನಾವು ಕಲಬುರಗಿಯ ಹೊರಗೆ ಶರಣಸಿರಸಗಿ ಹತ್ತಿರದ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದೆವು. ಬಡಾವಣೆ ಎಂದರೆ ಕಲ್ಲು ನೆಟ್ಟ ಖಾಲಿ ಜಾಗ, ಜಾಲಿ ಗಿಡ, ಅಲ್ಲೊಂದು ಇಲ್ಲೊಂದು ಮನೆ. ಗೃಹಪ್ರವೇಶದ ಹಂದರ ಬಿಚ್ಚುವ ಮೊದಲೇ ಮನೆಯವರಿಗೆ ಕಮಲಾಪುರಕ್ಕೆ ವರ್ಗವಾಯಿತು. ಅವರು ಲೈನ್‌ಮನ್. ಬೇಸಿಗೆಯಲ್ಲಿ ಅವರು ಅಲ್ಲೇ ಬಾಡಿಗೆಗೆ ಒಂದು ಕೋಲಿ ಹಿಡಿದು ಇರುತ್ತಾರೆ, ಏಕೆಂದರೆ ಸಂಜೆಯ ಗಾಳಿಗೆ ಯಾವ ತಂತಿ ಹರಿಯುತ್ತದೆ, ಯಾವ ಕಂಬ ಬಾಗುತ್ತದೆ ಎಂದು ಯಾರಿಗೂ ಗೊತ್ತಿರುವುದಿಲ್ಲ.

ಆ ವರ್ಷದ ಬೇಸಿಗೆ ವಿಪರೀತವಿತ್ತು. ಮಧ್ಯಾಹ್ನದತನಕ ಮಾಳಿಗೆಯ ಮೇಲೆ ಕಾಲಿಡಲಾಗದ ಬಿಸಿಲು. ಊಟದ ಹೊತ್ತು ಮೀರಿತೋ, ಕಮಲಾಪುರದ ದಿಕ್ಕಿನಲ್ಲಿ ಮೋಡ ಹೂಕೋಸಿನ ಹಾಗೆ ಬಿರಿಯುತ್ತಾ ಮೇಲೇಳುತ್ತಿತ್ತು. ಮೊದಲು ಧೂಳು, ಆಮೇಲೆ ಗಾಳಿ, ಆಮೇಲೆ ಸಿಡಿಲು. ಮಳೆ ಬಂದರೆ ಬಂತು, ಇಲ್ಲವಾದರೆ ಇಲ್ಲ. ಮರದ ಕೆಳಗೆ ನಿಂತ ಕುರಿಗಾಹಿಗಳ ಸುದ್ದಿ, ಹೊಲದಲ್ಲಿ ಕಟ್ಟಿದ ಎತ್ತುಗಳ ಸುದ್ದಿ ಕೇಳಿ ಕೇಳಿ ನನಗೆ ಮೋಡ ಕಂಡರೆ ಮೊದಲು ಫೋನಿನ ಮೇಲೆ ಕಣ್ಣು ಹೋಗುತ್ತಿತ್ತು. ಉಳಿದವರ ಗಂಡಂದಿರು ಸಿಡಿಲು ಬಂದರೆ ಮನೆಯೊಳಗೆ ಬರುತ್ತಾರೆ. ನನ್ನವರು ಸಿಡಿಲು ಹೋದ ಮರುಗಳಿಗೆಗೆ ಕಂಬ ಏರುತ್ತಾರೆ.

ಕೊನೆಯ ಕುರಡಗಿ ಬಟ್ಟೆಯ ಮೇಲೆ ಇಳಿಸಿ, ಕೈ ತೊಳೆದು ಫೋನು ನೋಡಿದೆ. ಹವಾಮಾನದ ಎಚ್ಚರಿಕೆ ಬಂದಿತ್ತು. ಕಲಬುರಗಿ, ಕಮಲಾಪುರ ತಾಲೂಕುಗಳಲ್ಲಿ ಬಿರುಗಾಳಿ, ಆಣೆಕಲ್ಲು, ಸಿಡಿಲಿನ ಸಾಧ್ಯತೆ. ಬಯಲಲ್ಲಿ ನಿಲ್ಲಬೇಡಿ ಎಂದಿತ್ತು. ಆಕಾಶ ತೊಳೆದ ತಟ್ಟೆಯ ಹಾಗಿತ್ತು. ಆದರೂ ಮನೆಯವರಿಗೆ ಫೋನು ಹಚ್ಚಿದೆ.

ಇಲ್ಲಿ ನಮ್ಮ ಮನೆಯ ಮಾತಿನ ರೀತಿ ಹೇಳಬೇಕು. ಲಿಂಗೈಕ್ಯರಾದ ನಮ್ಮ ಅತ್ತೆ ಕೆಲವು ಮಾತುಗಳನ್ನು ಬಾಯಿಗೆ ತರಗೊಡುತ್ತಿರಲಿಲ್ಲ. ದೀಪ ಆರಿಸು ಅನ್ನಬಾರದು, ಶಾಂತ ಮಾಡು ಅನ್ನಬೇಕು. ಬಳೆ ಒಡೆಯಿತು ಅನ್ನಬಾರದು, ಹೆಚ್ಚಾಯಿತು ಅನ್ನಬೇಕು. ಹೊಸ್ತಿಲು ದಾಟುವವರು ಹೋಗ್ತೀನಿ ಅನ್ನಬಾರದು, ಬರ್ತೀನಿ ಅನ್ನಬೇಕು. ಇದು ಎಲ್ಲರ ಮನೆಯಲ್ಲೂ ಇರುವುದೇ. ಮನೆಗೆ ಫೋನು ಬಂದಾಗ ಅತ್ತೆ ಇನ್ನೊಂದು ಸೇರಿಸಿದರು. ಮಾತು ಮುಗಿಸುವಾಗ ‘ಇಡ್ತೀನಿ’ ಅನ್ನಕೂಡದು. ನಮ್ಮಲ್ಲಿ ಇಡುವುದು ಅಂದರೆ ಹೋದವರನ್ನು ಕುಣಿಯಲ್ಲಿ ಇಡುವುದು. ಅದರಲ್ಲೂ ಮಗ ಕಂಬ ಏರುವವನು. ಹೀಗಾಗಿ ನಮ್ಮ ಮನೆಯಲ್ಲಿ ಫೋನಿನಲ್ಲೂ ಕಡೆಯ ಮಾತು ‘ಬರ್ತೀನಿ’. ಅತ್ತೆ ಹೋದ ಮೇಲೂ ಅದು ಹೋಗಲಿಲ್ಲ. ಬಾಯಿಗೆ ಅಂಟಿಬಿಟ್ಟಿತ್ತು, ಅದಕ್ಕೊಂದು ಅರ್ಥ ಇದೆ ಎನ್ನುವುದೂ ಮರೆತುಹೋಗುವಷ್ಟು.

ಫೋನು ಹತ್ತಿತು. ಹಿಂದಿನ ಸಂಜೆಯ ಗಾಳಿಗೆ ಕಮಲಾಪುರದ ಆಚೆ ಕೆಂಪು ಬಾಳೆಯ ತೋಟಗಳ ನಡುವೆ ಬೇವಿನ ಟೊಂಗೆ ತಂತಿಯ ಮೇಲೆ ಬಿದ್ದು ಒಂದು ಸಾಲೇ ಹರಿದಿದೆ, ಬೆಳಗಿನಿಂದ ಅದರಲ್ಲೇ ಇದ್ದೇವೆ ಎಂದರು. ಎಚ್ಚರಿಕೆ ಬಂದದ್ದು ಹೇಳಿದೆ. ನನಗೂ ಬಂದದ ಎಂದರು. ಅವರ ಕಡೆ ಆಗಲೇ ಗಾಳಿ ಬೀಸುತ್ತಿತ್ತೇನೋ, ಅರ್ಧ ಮಾತು ಕೇಳುತ್ತಿತ್ತು, ಅರ್ಧ ಹಾರಿಹೋಗುತ್ತಿತ್ತು. ಅವರ ಮುಖ ನೋಡದೆ ಬಹಳ ದಿನವಾಗಿತ್ತು. ತಡೆಯಲಾರದೆ ಕೇಳಿದೆ:

“ಇವತ್ತರ ಬರ್ತೀರೇನು?”

“ಹ್ಞೂಂ… ಇದೊಂದು ಕಂಬ…” ಗಾಳಿ. “…ನೋಡಿ… ಆತು, ಬರ್ತೀನಿ.”

ಫೋನು ಸುಮ್ಮನಾಯಿತು. ನನ್ನ ಮನಸ್ಸು ಕುಣಿಯಿತು.

ಆಮೇಲಿನದು ನೆನೆದರೆ ಈಗಲೂ ನಗು ಬರುತ್ತದೆ, ನಗುವಿನ ಹಿಂದೆ ಬೇರೆ ಏನೋ ಬರುತ್ತದೆ. ಒಬ್ಬಳಿಗೇ ಎಂದು ಒಂದು ಹೊತ್ತು ರೊಟ್ಟಿ ಬಡಿದು ಎರಡು ಹೊತ್ತು ಉಣ್ಣುತ್ತಿದ್ದವಳು ಅವತ್ತು ಎಣ್ಣೆಗಾಯಿಗೆ ಶೇಂಗಾ ಹುರಿದೆ. ಹೋಳಿಗೆಗೆ ಬೆಲ್ಲ ಕುಟ್ಟಿದೆ. ನಡುವೆ ನಡುವೆ ಮಾಳಿಗೆಗೆ ಹೋಗಿ ಬಂದೆ. ಊಟದ ಹೊತ್ತು ಮೀರಿದ ಮೇಲೆ ಮೋಡ ಹುಟ್ಟಿತು. ಕುರಡಗಿ ಮೇಲೆ ಒಣಗಿದ್ದವು, ಒಳಗೆ ಇನ್ನೂ ಹಸಿ. ಒಂದು ಹನಿ ಬಿದ್ದರೂ ಹುಳಿ ಬರುತ್ತವೆ. ಬಟ್ಟೆಯ ನಾಲ್ಕೂ ಮೂಲೆ ಕೂಡಿಸಿ ಹಿಡಿದರೆ ಮುರಿಯುತ್ತವೆ. ಅದಕ್ಕೆ ಎರಡು ಕೈ ಸಾಲದು, ಇನ್ನೊಬ್ಬರು ಆಚೆ ತುದಿ ಹಿಡಿಯಬೇಕು. ಯಾರೂ ಇಲ್ಲದ್ದಕ್ಕೆ ಒಂದೊಂದು ಬಟ್ಟೆಯ ತುಂಡಿನ ಕೆಳಗೂ ರೊಟ್ಟಿಯ ಹಲಗೆ ಸರಿಸಿ, ಒಂದೊಂದು ಹಲಗೆಯಷ್ಟು ಎತ್ತಿಕೊಂಡು ಇಳಿದೆ. ಕೊನೆಯ ಹಲಗೆ ಒಳಗೆ ಬಂದ ಮೇಲೆ ಮೊದಲ ಗಾಳಿ ಬಡಿಯಿತು. ಶಿವ ಅಷ್ಟು ಪುರಸೊತ್ತು ಕೊಟ್ಟ.

ಆ ಗಾಳಿ ಗಾಳಿಯ ಹಾಗಿರಲಿಲ್ಲ. ಎದುರಿಗೆ ಕಟ್ಟುತ್ತಿದ್ದ ಮನೆಯ ತಗಡಿನ ಪತ್ರಾಸು ಒಂದು ಹಾಳೆಯ ಹಾಗೆ ಎದ್ದು ಹೊರಟುಹೋಯಿತು. ಬಾಗಿಲಿಗೆ ಆಣೆಕಲ್ಲು ಬಡಿದವು. ಕರೆಂಟು ಹೋಯಿತು. ಹಾಡುಹಗಲೇ ಕೋಣೆ ಕತ್ತಲಾಯಿತು. ಮಿಂಚಿದಾಗ ಕಿಟಕಿಯ ಸರಳಿನ ನೆರಳು ಗೋಡೆಯ ಮೇಲೆ ಬಂದು ಹೋಗುತ್ತಿತ್ತು. ನಾನು ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಅಡುಗೆಮನೆಯ ದೇವರ ಜಗಲಿಯ ಮುಂದೆ ಕೂತೆ. ಪಂಚಾಕ್ಷರಿ ಬಾಯಲ್ಲಿತ್ತು, ಮನಸ್ಸು ಕಮಲಾಪುರದಿಂದ ಬರುವ ಹುಮನಾಬಾದ ರಸ್ತೆಯಲ್ಲಿತ್ತು. ಈ ಹೊತ್ತಿಗೆ ಎಲ್ಲಿಗೆ ಬಂದಿರಬಹುದು? ಬೈಕನ್ನು ಮರದ ಕೆಳಗೆ ನಿಲ್ಲಿಸಿಲ್ಲ ತಾನೆ? ಅವರ ಫೋನು ಹತ್ತಲಿಲ್ಲ. ಗಾಡಿಯ ಮೇಲಿದ್ದಾರೆ ಎಂದುಕೊಂಡೆ.

ಆಗ ಒಂದು ಕರೆ ಬಂತು. ಕಮಲಾಪುರದ ಸಬ್‌ಸ್ಟೇಷನ್‌ನ ಆಪರೇಟರ್. ಒಂದೆರಡು ಸಲ ರೊಟ್ಟಿಗೆ ಹಚ್ಚಿಕೊಳ್ಳಲು ನಾನು ಕಳಿಸಿದ ಶೇಂಗಾ ಹಿಂಡಿ ತಿಂದು ಫೋನಿನಲ್ಲೇ ಹೊಗಳಿದ್ದ ಮನುಷ್ಯ. ಮನೆಯವರ ಫೋನಿನ ಬ್ಯಾಟರಿಯನ್ನು ಯಾರೂ ನಂಬುತ್ತಿರಲಿಲ್ಲವಾದ್ದರಿಂದ ನನ್ನ ನಂಬರನ್ನೂ ಅಲ್ಲಿ ಗೋಡೆಯ ಮೇಲೆ ಬರೆದಿದ್ದರು.

ಅವರ ಕೆಲಸದ ರೀತಿ ನನಗೆ ಊಟ ಬಡಿಸುತ್ತಾ ಬಡಿಸುತ್ತಾ ತಿಳಿದದ್ದು. ತಂತಿ ಮುಟ್ಟುವ ಮೊದಲು ಸಬ್‌ಸ್ಟೇಷನ್‌ಗೆ ಹೇಳಿ ಆ ಸಾಲಿನ ಕರೆಂಟು ತೆಗೆಸಬೇಕು. ಅದಕ್ಕೆ ಲೈನ್ ಕ್ಲಿಯರ್ ಅನ್ನುತ್ತಾರೆ. ತೆಗೆಸಿದವನೇ ಕೆಳಗಿಳಿದು, ಎಲ್ಲರೂ ಇಳಿದಾರೆ, ಬಿಡ್ರಿ ಎಂದು ತನ್ನ ಬಾಯಿಂದ ಹೇಳಬೇಕು. ಅಲ್ಲಿಯತನಕ ಯಾರೂ ಗುಂಡಿ ಒತ್ತಬಾರದು. ಇದರ ಮೇಲೆ, ಕಂಬದ ಎರಡೂ ಬದಿಗೆ ತಂತಿಯಿಂದ ನೆಲಕ್ಕೆ ಸರಪಳಿ ಹಾಕಿಕೊಳ್ಳಬೇಕು. ಅಕಸ್ಮಾತ್ ಯಾರಾದರೂ ಕರೆಂಟು ಬಿಟ್ಟರೆ ಅದು ಮನುಷ್ಯನನ್ನು ಬಿಟ್ಟು ನೆಲಕ್ಕೆ ಹೋಗಲಿ ಎಂದು. ನಿಯಮ ಹೀಗಿದೆ. ಆದರೆ ಅವತ್ತು ಲೈನ್ ಕ್ಲಿಯರ್ ಕೊಟ್ಟವನ ಪಾಳಿ ಮುಗಿದು ಈತ ಬಂದಿದ್ದ. ಮನೆಯವರ ಫೋನು, ಜೊತೆಗಿದ್ದ ಹೆಲ್ಪರ್‌ನ ಫೋನು ಎರಡೂ ಹತ್ತುತ್ತಿರಲಿಲ್ಲ. ಗೇಟಿನ ಮುಂದೆ ಮಂದಿ ಕೂಡಿದ್ದರು. ನೀರಿನ ಮೋಟರು ನಿಂತಿದೆ, ದವಾಖಾನೆಯಲ್ಲಿ ಕತ್ತಲೆ ಎಂದು ಕೂಗುವುದು ಫೋನಿನಲ್ಲೇ ನನಗೆ ಕೇಳುತ್ತಿತ್ತು.

ಮನೆಯವರು ಎಲ್ಲಿದ್ದಾರೆ, ನಿಮಗೇನಾದರೂ ಹೇಳಿದರೇನು ಎಂದು ಆತ ಕೇಳಿದ. ನಾನು ಹೇಳಿದೆ, ಅವರು ಆಗಲೇ ಹೊರಟಾರ್ರಿ, ಮನೀಗಿ ಬರ್ಲಾಕತ್ತಾರ.

“ಹಂಗಾದ್ರ ಕೆಲಸ ಮುಗದದ ಅನ್ರಿ,” ಎಂದ. ಅವನ ದನಿ ಹಗುರವಾಯಿತು. “ಛಲೋ ಆತು. ಕರೆಂಟ್ ಬಿಡ್ತೀವಿ ಅಕ್ಕೋರೆ.”

ನನಗೂ ಸಮಾಧಾನವೇ ಆಯಿತು. ಊರಿಗೆ ಬೆಳಕು ಬರುತ್ತದೆ, ಮನೆಗೆ ಮನೆಯವರು ಬರುತ್ತಾರೆ. “ಆತ್ರಿ ಅಣ್ಣಾ, ಬರ್ತೀನ್ರಿ,” ಎಂದು ಫೋನು ಕೆಳಗಿಟ್ಟೆ.

ಕೆಳಗಿಟ್ಟ ಕೈ ಅಲ್ಲೇ ನಿಂತಿತು.

ನಾನು ಬರ್ತೀನಿ ಅಂದೆ. ನಾನು ಎಲ್ಲಿಗೂ ಹೋಗುತ್ತಿರಲಿಲ್ಲ. ಅಡುಗೆಮನೆಯ ನೆಲದ ಮೇಲೆ ಕೂತಿದ್ದೆ, ಮುಂದೆ ಎಣ್ಣೆಗಾಯಿಯ ಬೋಗುಣಿ ಇತ್ತು.

ಬೆಳಗಿನ ಮಾತನ್ನು ಮತ್ತೆ ಮನಸ್ಸಿನಲ್ಲಿ ಕೇಳಿದೆ. ಆತು, ಬರ್ತೀನಿ. ಮನೆಗೆ ಹೊರಡುವ ದಿನ ಅವರು ಹಾಗೆ ಅನ್ನುವವರಲ್ಲ. ‘ಹೊಂಟೀನಿ, ಬಾಗಲಾ ತಗದಿರು’ ಅನ್ನುತ್ತಾರೆ. ಅವರು ಫೋನು ಮುಗಿಸಿದ್ದರು, ಅಷ್ಟೇ. ಗಾಳಿಯಲ್ಲಿ ನನ್ನ ಪ್ರಶ್ನೆ ಅವರಿಗೆ ಕೇಳಿತ್ತೋ ಇಲ್ಲವೋ. ಉಳಿದದ್ದೆಲ್ಲ ಒಬ್ಬಳೇ ಇದ್ದು ಇದ್ದು ನನ್ನ ಕಿವಿ ತುಂಬಿಕೊಂಡದ್ದು.

ಆಪರೇಟರ್‌ಗೆ ಹಚ್ಚಿದೆ. ಹತ್ತಲಿಲ್ಲ. ಕರೆಂಟಿನ ಹಿಂದೆಯೇ ಟವರೂ ಹೋಗಿತ್ತೇನೋ, ಫೋನಿನ ಮೂಲೆಯಲ್ಲಿ ಒಂದು ಗೆರೆಯೂ ಇರಲಿಲ್ಲ. ಹಿತ್ತಲ ಬಾಗಿಲಿಗೆ ಹೋದೆ, ಅಂಗಳದ ಬಾಗಿಲಿಗೆ ಬಂದೆ. ಇಲ್ಲ.

ಬೇರೆ ಕಂಪನಿಯ ಫೋನು ಇದ್ದದ್ದು ನೆರೆಯ ಚಾಚಿಯ ಮನೆಯಲ್ಲಿ. ಚಾಚಿ ಮೋಮಿನಪುರದಿಂದ ಬಂದವರು. ಅವರ ಗಂಡನಿಗೆ ಅಲ್ಲಿ ಟೇಲರ್ ಅಂಗಡಿ. ನಮ್ಮ ಮನೆಗೂ ಅವರ ಮನೆಗೂ ನಡುವೆ ಖಾಲಿ ಜಾಗವೇ ಜಾಗ. ಬಯಲು, ಒಂದು ಒಂಟಿ ಬೇವಿನ ಗಿಡ, ಒಂದು ಕರೆಂಟಿನ ಕಂಬ. ಮನೆಯವರು ನನಗೆ ಏನೇನು ಮಾಡಬೇಡ ಎಂದು ಕಲಿಸಿದ್ದರೋ ಅದೆಲ್ಲ ಆ ಜಾಗದಲ್ಲೇ ಇತ್ತು. ಮಿಂಚಿಗೂ ಗುಡುಗಿಗೂ ನಡುವೆ ಉಸಿರು ಎಳೆದುಕೊಳ್ಳುವಷ್ಟೂ ಅಂತರವಿಲ್ಲದಾಗ ಹೊರಗೆ ಕಾಲಿಡಬೇಡ ಅಂದಿದ್ದರು. ಹೊಸ್ತಿಲಲ್ಲಿ ನಿಂತು ನೋಡಿದೆ. ಮಿಂಚು, ಕೂಡಲೇ ಗುಡುಗು. ಮತ್ತೆ ಮಿಂಚು, ಮತ್ತೆ ಕೂಡಲೇ.

ಅಲ್ಲಿ ನಿಂತಿದ್ದು ಬಹಳ ಹೊತ್ತಲ್ಲ. ಹೋಗದಿದ್ದರೆ ಅವರು ಕಂಬದ ಮೇಲಿರುವಾಗ ನನ್ನ ಮಾತಿನಿಂದ ಕರೆಂಟು ಬರುತ್ತದೆ. ಹೋದರೆ ಸಿಡಿಲು ನನ್ನ ಮೇಲೆ ಬಿದ್ದರೂ ಬೀಳಬಹುದು, ಬೀಳದೆಯೂ ಇರಬಹುದು. ಎರಡರಲ್ಲಿ ಒಂದು ಖಾತ್ರಿ, ಒಂದು ಅಲ್ಲ. ಕೊಡೆಗೆ ಕಬ್ಬಿಣದ ಕೋಲು ಎಂದು ಅಲ್ಲೇ ಬಿಟ್ಟೆ. ಫೋನನ್ನು ಹಾಲಿನ ಖಾಲಿ ಪಾಕೀಟಿನಲ್ಲಿ ಸುತ್ತಿ ಕುಪ್ಪಸದೊಳಗೆ ಇಟ್ಟುಕೊಂಡೆ, ಆಪರೇಟರ್‌ನ ನಂಬರು ಅದರಲ್ಲಿತ್ತು. ಲಿಂಗವನ್ನು ಎದೆಗೆ ಒತ್ತಿ ಹಿಡಿದು ಹೊರಟೆ. ಬೇವಿನ ಗಿಡಕ್ಕೂ ಕಂಬಕ್ಕೂ ದೂರವಾಗಿ, ಸುತ್ತು ಬಳಸಿ, ತಲೆ ತಗ್ಗಿಸಿ ಓಡಿದೆ. ಆಣೆಕಲ್ಲು ಬೆನ್ನಿಗೆ ಬಡಿಯುತ್ತಿದ್ದವು. ಓಡುವಾಗ ಯಾವ ಮಂತ್ರವೂ ನೆನಪಾಗಲಿಲ್ಲ. ‘ಬಿಡಬ್ಯಾಡ್ರಿ, ಬಿಡಬ್ಯಾಡ್ರಿ’ ಎನ್ನುತ್ತಿದ್ದೆ. ಆಪರೇಟರ್‌ಗೆ ಅನ್ನುತ್ತಿದ್ದೆನೋ ಶಿವನಿಗೋ ಗೊತ್ತಿಲ್ಲ.

ಚಾಚಿ ಬಾಗಿಲು ತೆರೆದರು. ಕೈಯಲ್ಲಿ ಜಪದ ತಸಬಿ ಇತ್ತು.

“ಅರೆ, ಈ ಬಿಜಲಿ ಒಳಗ ಎಲ್ಲಿಗಿ ಬಂದಿ ಬೇಟಿ? ತಲಿ ಗಿಲಿ ಕೆಟ್ಟದೇನು?”

“ಫೋನ್ ಕೊಡ್ರಿ ಚಾಚಿ. ಬೈಯೋದು ಆಮ್ಯಾಲೆ.”

ಅವರು ಮತ್ತೊಂದು ಮಾತಾಡದೆ ಕೊಟ್ಟರು. ನನ್ನ ಕೈ ಒದ್ದೆಯಾಗಿದ್ದದ್ದಕ್ಕೆ, ನಾನು ಓದಿ ಹೇಳಿದ ನಂಬರನ್ನೂ ಅವರೇ ಒತ್ತಿದರು. ಹತ್ತಿತು. ಆ ರಿಂಗಿನ ಸದ್ದು ಇವತ್ತಿಗೂ ನನಗೆ ಮಂಗಳಾರತಿಯ ಗಂಟೆಯ ಹಾಗೆ.

ಕರೆಂಟು ಬಿಟ್ಟಿರೇನು ಎಂದೆ.

“ಇನ್ನಾ ಇಲ್ರೀ ಅಕ್ಕೋರೆ. ಇಲ್ಲಿ ಮ್ಯಾಲೆ ಗುಡುಗಾಕತ್ತದ. ಈಗ ಬಿಟ್ರ ಮತ್ತ ಬೀಳ್ತದ, ಜರಾ ಸರೀಲಿ ಅಂತ ಕುಂತೀನಿ.”

“ಬಿಡಬ್ಯಾಡ್ರಿ. ಅವರ ಬಾಯಿಲೇ ಕೇಳೋತನಕ ಬಿಡಬ್ಯಾಡ್ರಿ.”

“ನೀವೇ ಅಂದ್ರೆಲ್ರಿ, ಬರ್ಲಾಕತ್ತಾರ ಅಂತ?”

“ಅವರು ಬರ್ತೀನಿ ಅಂದ್ರು. ಹೊಂಟೀನಿ ಅನಲಿಲ್ಲ.”

ಗೇಟಿನ ಹತ್ತಿರದ ಗದ್ದಲ ಇನ್ನೂ ಕೇಳುತ್ತಿತ್ತು. ಬೇರೆ ಊರಿನವನಾಗಿದ್ದರೆ ನನಗೆ ಹುಚ್ಚು ಹಿಡಿದಿದೆ ಎನ್ನುತ್ತಿದ್ದ. ಆತ ನಮ್ಮ ಕಡೆಯವನು.

“ನಮ್ಮವ್ವಾನೂ ಹಂಗೇ ಅಂತಾಳ್ರಿ,” ಎಂದ ಸಣ್ಣ ದನಿಯಲ್ಲಿ. ಆಮೇಲೆ, “ಈ ಮಂದಿಗಿ ಏನ್ ಹೇಳ್ಲಿ?”

“ಲೈನ್‌ಮನ್ ಹೇಣ್ತಿ ಬ್ಯಾಡ ಅಂದಾಳ ಅಂತ ಹೇಳ್ರಿ. ಬೈದ್ರ ನನಗೇ ಬೈಲಿ.”

ಒಬ್ಬನನ್ನು ಬಾಳೆತೋಟಕ್ಕೆ ಕಳಿಸಿ ನೋಡಿಸುತ್ತೇನೆ, ಅಲ್ಲಿಯತನಕ ಗುಂಡಿ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟ. ಮುಗಿಸುವಾಗ ನಾನು ಏನೂ ಅನ್ನಲಿಲ್ಲ. ಫೋನನ್ನು ಚಾಚಿಯ ಕೈಗೆ ಕೊಟ್ಟುಬಿಟ್ಟೆ.

ಚಾಚಿ ನನ್ನ ತಲೆ ಒರೆಸಿದರು, ಚಹಾ ಕುಡಿಸಿದರು. ತಮ್ಮ ಸೊಸೆಗೂ ಸಿಗದ ಬೈಗುಳ ನನಗೆ ಸಿಕ್ಕಿತು. ಸಿಡಿಲಿಗೆ ಓಡುವವರಿಗೆ ದೇವರು ಎರಡು ಬುದ್ಧಿ ಕೊಟ್ಟಿರುತ್ತಾನೆ, ಎರಡೂ ಖಾಲಿ ಎಂದರು. ಕತ್ತಲಾಗುವ ಮುಂಚೆ ಗುಡುಗು ದೂರ ಸರಿಯಿತು. ಇಲ್ಲೇ ಇರು ಎಂದರು ಚಾಚಿ. ಆದರೆ ಮನೆಯವರು ಹಚ್ಚಿದರೆ ನನ್ನ ಫೋನಿಗೆ ಹಚ್ಚುತ್ತಾರೆ, ಆ ಫೋನಿಗೆ ಯಾವಾಗಲಾದರೂ ಒಂದು ಗೆರೆ ಸಿಕ್ಕರೆ ನಮ್ಮ ಅಂಗಳದಲ್ಲೇ ಸಿಗುವುದು. ಮನೆಗೆ ಬಂದೆ.

ಬಂದರೆ, ಮಧ್ಯಾಹ್ನವೇ ಅವರಿಗೂ ನನಗೂ ಎಂದು ಹಾಕಿ ಮುಚ್ಚಿಟ್ಟಿದ್ದ ಎರಡು ತಾಟು ಹಾಗೇ ಇದ್ದವು. ಒಂದನ್ನು ಎತ್ತಿಡಬೇಕು ಅನ್ನಿಸಿತು. ಎತ್ತಲು ಕೈ ಬರಲಿಲ್ಲ. ಅಂಗಳದ ಕಟ್ಟೆಯ ಮೇಲೆ ಕೂತೆ. ಸುತ್ತ ಯಾವ ಮನೆಯಲ್ಲೂ ದೀಪವಿರಲಿಲ್ಲ. ಕಮಲಾಪುರದ ಕಡೆ ಮಾತ್ರ ಸದ್ದಿಲ್ಲದ ಮಿಂಚು ಇತ್ತು. ಅಲ್ಲಿನ ಮನೆಗಳಲ್ಲಿ ಜನ ಕತ್ತಲಲ್ಲಿ ಕೂತು, ಹೆಸರೂ ಗೊತ್ತಿಲ್ಲದ ನನ್ನನ್ನು ಬೈಯುತ್ತಿರಬಹುದು. ಬೈಯಲಿ ಎಂದುಕೊಂಡೆ. ಬೈಯುತ್ತಿದ್ದಾರೆ ಎಂದರೆ ಇನ್ನೂ ಬಿಟ್ಟಿಲ್ಲ ಎಂದು ಅರ್ಥ. ಆ ಸಂಜೆ ನನಗಿದ್ದ ಆಸರೆ ಅದೊಂದೇ.

ಫೋನು ಬಡಿದುಕೊಂಡಾಗ ಗೊತ್ತಿಲ್ಲದ ನಂಬರು. ಎತ್ತಿದೆ. ಬಾಯಿ ತೆರೆಯಲಾಗಲಿಲ್ಲ.

“ಯಾಕ, ಮಾತಾಡವಲ್ಲಿ?” ಎಂದರು ಮನೆಯವರು.

ತೋಟದ ಮಾಲೀಕರ ಫೋನಂತೆ. ಮನೆಯವರ ಫೋನು ನೀರು ಕುಡಿದು ಸತ್ತಿತ್ತು. ಸಿಡಿಲು ಶುರುವಾದಾಗ ಇಳಿದು ತೋಟದ ಕೋಲಿಯೊಳಗೆ ಕೂತಿದ್ದರು. ಬಾಳೆ ಸಾಲು ಸಾಲಾಗಿ ಮಲಗಿದ್ದನ್ನು ನೋಡುತ್ತಾ ಆ ಮಾಲೀಕರು ಬಾಗಿಲಲ್ಲೇ ನಿಂತಿದ್ದರಂತೆ. ಅಲ್ಲಿ ಗುಡುಗು ಬೇಗ ಸರಿಯಿತು. ಕತ್ತಲಾಗುವ ಮೊದಲು ಮುಗಿಸೋಣ ಎಂದು ಮತ್ತೆ ಏರಿದರು. ಸಬ್‌ಸ್ಟೇಷನ್‌ನ ಮೇಲೆ ಮಾತ್ರ ಅದು ಇನ್ನೂ ಗುಡುಗುತ್ತಲೇ ಇತ್ತು. ನಾನು ಲೆಕ್ಕ ಹಾಕಿ ನೋಡಿದೆ. ಆಪರೇಟರ್ ಗುಡುಗು ಸರಿಯಲಿ ಎಂದು ಕಾಯುತ್ತಿದ್ದಾಗ ಇವರು ಮೇಲಿದ್ದರು. ದಿನವಿಡೀ ಯಾವುದಕ್ಕೆ ಹೆದರಿ ಸಾಯುತ್ತಿದ್ದೆನೋ ಅದೇ ಅವನ ಕೈ ಹಿಡಿದು ಕೂರಿಸಿತ್ತು. ಇದನ್ನು ನಾನು ಯಾರ ಲೀಲೆ ಅನ್ನಲಿ.

ಆಪರೇಟರ್ ಕಳಿಸಿದವನಿಂದ ಅವರಿಗೆ ಎಲ್ಲ ತಿಳಿದಿತ್ತು. ಕರೆಂಟು ಬಿಟ್ಟಿದ್ದರೂ ಏನೂ ಆಗುತ್ತಿರಲಿಲ್ಲ, ಸರಪಳಿ ಹಾಕಿದ್ದೆ ಎಂದರು. ಎರಡೂ ಬದಿಗೇ ಎಂದು ಕೇಳಿದೆ. ಅವರು ತಂತಿಯ ಮಾತು ಬಿಟ್ಟು ಕುರಡಗಿ ನೆನೆದವೇನು ಎಂದು ಕೇಳಿದರು. ನಾನು ಮತ್ತೆ ಕೇಳಲಿಲ್ಲ.

“ನಾ ಮನೀಗಿ ಬರ್ತೀನಿ ಅಂತ ನಿನಗ ಯಾರು ಹೇಳಿದ್ರು?” ಎಂದರು ಕಡೆಗೆ.

“ನೀವೇ.”

ಅವರಿಗೆ ಬೆಳಗಿನ ಮಾತು ನೆನಪಾಯಿತೇನೋ. ಇನ್ನೂ ಎರಡು ಕಂಬ ಉಳಿದಿವೆ, ಈ ವಾರ ಬರಲಾಗುವುದಿಲ್ಲ ಎಂದರು. ನಾನು ಹ್ಞೂಂ ಎಂದೆ. ಮಾತು ಮುಗಿದಿತ್ತು, ಮುಗಿಸುವ ಶಬ್ದ ಮಾತ್ರ ಇಬ್ಬರ ಬಾಯಲ್ಲೂ ಇರಲಿಲ್ಲ. ‘ಬ’ ಎಂದು ತುಟಿ ಕೂಡಿದ್ದು ನನಗೆ ಕೇಳಿಸಿತು. ಅಲ್ಲೇ ತಡೆದರು. ಅತ್ತೆ ಬೇಡವೆಂದ ಮಾತನ್ನೂ ಆಡಲಿಲ್ಲ.

“ಊಟಾ ಮಾಡು,” ಎಂದರು. ಫೋನು ಸುಮ್ಮನಾಯಿತು.

ಅಂದಿನಿಂದ ನಮ್ಮ ಮನೆಯ ಕಡೆಯ ಮಾತು ಅದೇ ಆಗಿದೆ.

ಒಂದು ತಾಟು ಎತ್ತಿಟ್ಟು, ಇನ್ನೊಂದರಲ್ಲಿ ಉಂಡೆ. ಹೋಳಿಗೆ ಚೆನ್ನಾಗಿ ಬಂದಿತ್ತು. ಕೈ ತೊಳೆಯುವಾಗ ಕರೆಂಟು ಬಂತು. ನಮ್ಮ ಕಡೆಯ ಸಾಲಿನಲ್ಲೂ ಯಾರೋ ಕಂಬದಿಂದ ಇಳಿದು, ಎಲ್ಲರೂ ಇಳಿದಾರೆ ಎಂದು ತಮ್ಮ ಬಾಯಿಂದ ಹೇಳಿರಬೇಕು. ಅವರ ಮನೆಯಲ್ಲೂ ಒಬ್ಬಳು ಕಾಯುತ್ತಿದ್ದಿರಬೇಕು. ಗೋಡೆಯ ಮೇಲಿನ ಸ್ವಿಚ್ಚಿಗೆ ಕೈ ಮುಗಿದು ಫ್ಯಾನಿನ ಗುಂಡಿ ಒತ್ತಿದೆ. ಕುರಡಗಿ ಬೆಳಗಿನತನಕ ಹಾಗೇ ಬಿಟ್ಟರೆ ಬಟ್ಟೆಗೆ ಅಂಟಿ ಹುಳಿ ಬರುತ್ತವೆ. ಹಲಗೆಗಳನ್ನು ಗಾಳಿಯ ಕೆಳಗೆ ಸಾಲಾಗಿ ಇಟ್ಟು, ಅಂಟಿದ್ದು ಬಿಡಲೆಂದು ಬಟ್ಟೆಯ ಬೆನ್ನಿಗೆ ಅಷ್ಟಷ್ಟೇ ನೀರು ಚಿಮುಕಿಸಿ, ಒಂದೊಂದಾಗಿ ಬಿಡಿಸಿ ಮಗುಚತೊಡಗಿದೆ.